ಕಾವಲು ಕಾಯ್ದ ಗಾಜು ಮತ್ತೆ ಸಿನಿಮಾಕ್ಕೆ

(ದೃಶ್ಯಮಾಧ್ಯಮ ವಿದ್ಯಾರ್ಥಿಗಳ ಮುಂದೆ ಇತ್ತೀಚೆಗೆ ಮಾಡಿದ ಭಾಷಣದ ಪಠ್ಯ)



ಈ ಕಾರ್ಯಕ್ರಮದ ಎರಡು ದಿನ ಮುಂಚೆ ನಿಮ್ಮಲ್ಲೊಬ್ಬರು ನನಗೆ ಫೋನ್ ಮಾಡಿದ್ದರು. ಹತ್ತು ನಿಮಿಷದ ಕಿರುಚಿತ್ರವೊಂದನ್ನು ಮಾಡಬೇಕೆಂಬುದು ಅವರ ಆಸೆ. ಕಥೆ ಸಿದ್ಧವಾಗಿದೆ. ನಟಿಸುವವರು ಒಪ್ಪಿದ್ದಾರೆ. ಸ್ನೇಹಿತರೊಬ್ಬರ ಹಳೆಯ ಮಿರರ್‌ಲೆಸ್ ಕ್ಯಾಮೆರಾ ಕೈಗೆ ಸಿಗುತ್ತದೆ. ಆದರೆ ಅದರ ಜೊತೆ ಲೆನ್ಸ್ ಇಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ ಒಳ್ಳೆಯದೊಂದಕ್ಕೆ ನಲವತ್ತು ಸಾವಿರ ಹೇಳಿದರಂತೆ. ಕಂತಿನ ಸಾಲ ಮಾಡಲೇ, ಇಲ್ಲವೇ ಚಿತ್ರವನ್ನೇ ಮುಂದಕ್ಕೆ ಹಾಕಲೇ ಎಂಬುದು ಅವರ ಪ್ರಶ್ನೆ.

ನಾನು ಫೋನಿನಲ್ಲಿ ಉತ್ತರ ಕೊಡಲಿಲ್ಲ. ಈ ಪ್ರಶ್ನೆ ಒಬ್ಬರದಲ್ಲ, ನಿಮ್ಮಲ್ಲಿ ಅನೇಕರದು. ಒಂದೆರಡು ವರ್ಷದ ಹಿಂದೆ ನನ್ನದೂ ಆಗಿತ್ತು. ಉತ್ತರಕ್ಕಾಗಿ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಒಂದು ಸಣ್ಣ ತಿರುಪಿನ ಕಥೆ. ಸಿನಿಮಾಕ್ಕೆಂದು ಹುಟ್ಟಿ, ಆಮೇಲೆ ಬ್ಯಾಂಕು, ಕಾರ್ಖಾನೆಗಳ ಗೋಡೆಯ ಮೇಲೆ ಕಾವಲುಗಾರನ ಕೆಲಸ ಮಾಡಿ, ಈಗ ಮತ್ತೆ ಸಿನಿಮಾಕ್ಕೆ ಮರಳಿದ ತಿರುಪು. ಇವತ್ತು ಅದರ ಕಥೆಯನ್ನೇ ಹೇಳುತ್ತೇನೆ. ಸಾಲ ಮಾಡಬೇಕೋ ಬೇಡವೋ ಎಂಬುದಕ್ಕೆ ಕೊನೆಯಲ್ಲಿ ಬರೋಣ.

ಕಥೆ ಶುರುವಾಗುವುದು 1923ರಲ್ಲಿ, ಅಮೆರಿಕದಲ್ಲಿ. ಆ ವರ್ಷ ಕೊಡಾಕ್ ಕಂಪನಿ 16 ಎಂ.ಎಂ. ಅಗಲದ ಫಿಲಂ ಹೊರತಂದಿತು. ಅದುವರೆಗೆ ಸಿನಿಮಾ ಎಂದರೆ 35 ಎಂ.ಎಂ.; ಸ್ಟುಡಿಯೋಗಳ ಸೊತ್ತು. 16 ಎಂ.ಎಂ. ಬಂದದ್ದು ಮನೆಮಂದಿಗಾಗಿ, ಹವ್ಯಾಸಿಗಳಿಗಾಗಿ. ಅದೇ ವರ್ಷ ಷಿಕಾಗೋದ ಬೆಲ್ ಅಂಡ್ ಹೊವೆಲ್ ಕಂಪನಿ ಈ ಫಿಲಂಗಾಗಿ ‘ಫಿಲ್ಮೊ 70’ ಎಂಬ ಕ್ಯಾಮೆರಾ ಮಾಡಿತು. ಗಡಿಯಾರದಂತೆ ಕೀಲಿ ಕೊಟ್ಟು ಓಡಿಸುವ, ಒಂದೇ ಕೈಯಲ್ಲಿ ಹಿಡಿಯಬಹುದಾದ ಯಂತ್ರ. ಅದರ ಲೆನ್ಸುಗಳನ್ನು ಕೂರಿಸಲು ಆ ದಶಕದಲ್ಲಿ ಬೆಳೆದುಬಂದ ತಿರುಪಿನ ಜೋಡಣೆಗೆ ‘ಸಿ ಮೌಂಟ್’ ಎಂದು ಹೆಸರು. ಒಂದು ಅಂಗುಲ ವ್ಯಾಸ, ಅಂಗುಲಕ್ಕೆ 32 ಸುತ್ತು. ಅಷ್ಟೇ. ಸ್ವಿಟ್ಜರ್ಲೆಂಡಿನ ಬೋಲೆಕ್ಸ್ ಸೇರಿದಂತೆ ಅನೇಕರು ಇದನ್ನೇ ಬಳಸಿಕೊಂಡರು. ಮುಂದೆ ಟೆಲಿವಿಷನ್ ಬಂದು, ಸುದ್ದಿಯ ಚಿತ್ರೀಕರಣವೂ 16 ಎಂ.ಎಂ. ಫಿಲಂನಲ್ಲೇ ನಡೆಯತೊಡಗಿದಾಗ ಈ ಬಗೆಯ ಲೆನ್ಸುಗಳಿಗೆ ಇನ್ನಷ್ಟು ಬೇಡಿಕೆ ಬಂತು.

ಇಲ್ಲಿ ಒಂದು ಅಳತೆಯನ್ನು ನೆನಪಿಟ್ಟುಕೊಳ್ಳಿ. ಲೆನ್ಸ್ ಕೂರುವ ಬಳೆಯಿಂದ ಹಿಂದಿನ ಫಿಲಂವರೆಗೆ ಇರುವ ದೂರ. ಇದನ್ನು ‘ಬುಡದ ಅಂತರ’ ಎಂದು ಕರೆಯೋಣ. ಸಿ ಮೌಂಟ್‌ಗೆ ಇದು 17.526 ಮಿಲಿಮೀಟರ್. ಮೂರು ದಶಮಾಂಶ ಸ್ಥಾನದವರೆಗೆ ಏಕೆ ಹೇಳಬೇಕು ಎಂದರೆ, ಇದು ಕೂದಲೆಳೆಯಷ್ಟು ತಪ್ಪಿದರೂ ದೂರದ ಬೆಟ್ಟ ಮಸುಕಾಗುತ್ತದೆ. ಚಿಕ್ಕಂದಿನಲ್ಲಿ ಭೂತಗನ್ನಡಿಯಿಂದ ಬಿಸಿಲನ್ನು ಕಾಗದದ ಮೇಲೆ ಬೀಳಿಸಿ ಸುಟ್ಟದ್ದು ನೆನಪಿದೆಯಲ್ಲವೇ? ಗಾಜು ಮತ್ತು ಕಾಗದದ ನಡುವೆ ಒಂದೇ ಒಂದು ದೂರದಲ್ಲಿ ಮಾತ್ರ ಚುಕ್ಕೆ ಚಿಕ್ಕದಾಗಿ ಹೊಗೆ ಏಳುತ್ತಿತ್ತು. ಅದೇ ನಿಯಮ ಇಲ್ಲೂ.

ಇನ್ನು ಎರಡನೆಯ ಅಂಕ. 1950ರ ದಶಕದಲ್ಲಿ ‘ವಿಡಿಕಾನ್’ ಎಂಬ ಕ್ಯಾಮೆರಾ ಕೊಳವೆ ಬಳಕೆಗೆ ಬಂತು. ಅಗ್ಗ ಮತ್ತು ಚಿಕ್ಕದು. ಒಂದು ಅಂಗುಲ ದಪ್ಪದ ಗಾಜಿನ ಕೊಳವೆ; ಅದರ ಮುಖದ ಮೇಲೆ ಚಿತ್ರ ಮೂಡುವ ಜಾಗ 12.8 x 9.6 ಮಿ.ಮೀ. 16 ಎಂ.ಎಂ. ಫಿಲಂನ ಒಂದು ಚೌಕಟ್ಟಿನ ಅಳತೆ ಸುಮಾರು 10.3 x 7.5 ಮಿ.ಮೀ. ಎರಡೂ ಹೆಚ್ಚುಕಡಿಮೆ ಒಂದೇ ಮನೆಯವು. ಹೀಗಾಗಿ 16 ಎಂ.ಎಂ. ಲೆನ್ಸುಗಳ ತಿರುಪೇ ಕಾವಲು ಕ್ಯಾಮೆರಾದ ತಿರುಪೂ ಆಯಿತು. ಬ್ಯಾಂಕು, ರೈಲು ನಿಲ್ದಾಣ, ಕಾರ್ಖಾನೆ, ಪ್ರಯೋಗಾಲಯ ಎಲ್ಲ ಕಡೆಯೂ ಸಿ ಮೌಂಟ್ ಲೆನ್ಸುಗಳು ಗೋಡೆ ಏರಿ ಕುಳಿತವು.

ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಇವತ್ತಿನ ದುಬಾರಿ ಫೋನುಗಳ ಜಾಹೀರಾತಿನಲ್ಲಿ ‘ಒಂದಿಂಚಿನ ಸೆನ್ಸರ್’ ಎಂದು ಓದುತ್ತೀರಿ. ಅಳೆದು ನೋಡಿದರೆ ಅದರ ಯಾವ ಬದಿಯೂ ಒಂದು ಇಂಚು ಇರುವುದಿಲ್ಲ, ಸುಮಾರು 13.2 x 8.8 ಮಿ.ಮೀ. ಇರುತ್ತದೆ. ಆ ಒಂದಿಂಚು ಹಳೆಯ ಗಾಜಿನ ಕೊಳವೆಯ ಹೊರಮೈಯ ಅಳತೆ. ಕೊಳವೆ ಹೋಯಿತು, ಹೆಸರು ಉಳಿಯಿತು. ಕಾವಲು ಲೆನ್ಸುಗಳ ಮೇಲೆ 1, 2/3, 1/2, 1/3 ಎಂದು ಕಾಣುವ ಸಂಖ್ಯೆಗಳೂ ಇದೇ ಲೆಕ್ಕದವು. ಅವುಗಳಿಗೆ ಸರಿಹೊಂದುವ ಚಿತ್ರದ ಕರ್ಣ ಕ್ರಮವಾಗಿ 16, 11, 8 ಮತ್ತು 6 ಮಿ.ಮೀ. ಖರೀದಿಗೆ ಹೋಗುವವರು ಇದನ್ನು ಬರೆದಿಟ್ಟುಕೊಂಡರೆ ಒಳ್ಳೆಯದು.

ಅತ್ತ ಸ್ಥಿರಚಿತ್ರದ ಲೋಕದಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು. 1949ರಲ್ಲಿ ಪೂರ್ವ ಜರ್ಮನಿಯ ಡ್ರೆಸ್ಡನ್ ನಗರದಿಂದ ಕಾಂಟ್ಯಾಕ್ಸ್ ಎಸ್ ಮತ್ತು ಪ್ರಾಕ್ಟಿಕಾ ಕ್ಯಾಮೆರಾಗಳು 42 ಮಿ.ಮೀ. ವ್ಯಾಸದ ತಿರುಪಿನೊಂದಿಗೆ ಬಂದವು. ಇದನ್ನು ‘ಎಂ 42’ ಎನ್ನುತ್ತಾರೆ. ಜಪಾನಿನ ಪೆಂಟಾಕ್ಸ್, ಸೋವಿಯತ್ ಒಕ್ಕೂಟದ ಜೆನಿಟ್ ಎಲ್ಲವೂ ಈ ತಿರುಪನ್ನು ಹಿಡಿದವು. ಇಂಥ ಕ್ಯಾಮೆರಾಗಳ ಹೊಟ್ಟೆಯೊಳಗೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುವುದು, ಗುಂಡಿ ಒತ್ತಿದಾಗ ಟಪಕ್ಕನೆ ಮೇಲೇಳುವುದು ಅದರ ಕೆಲಸ. ಆ ಕನ್ನಡಿ ಆಡಲು ಜಾಗ ಬೇಕು. ಆದ್ದರಿಂದ ಬುಡದ ಅಂತರ ಎಂ 42ಕ್ಕೆ 45.46 ಮಿ.ಮೀ., 1959ರಲ್ಲಿ ಬಂದ ನಿಕಾನ್ ಎಫ್‌ಗೆ 46.5, ಕ್ಯಾನನ್ ಇಎಫ್‌ಗೆ 44.

ಈಗ ಲೆಕ್ಕ ನೋಡಿ. 17.5 ಮಿ.ಮೀ. ದೂರಕ್ಕೆಂದು ಮಾಡಿದ ಸಿ ಮೌಂಟ್ ಲೆನ್ಸನ್ನು 46 ಮಿ.ಮೀ. ಆಳದ ಕ್ಯಾಮೆರಾಕ್ಕೆ ಹಾಕಬೇಕಾದರೆ ಲೆನ್ಸು ಸುಮಾರು ಮೂರು ಸೆಂಟಿಮೀಟರ್ ಒಳಗಿಳಿದು ಕನ್ನಡಿಯ ಜಾಗದಲ್ಲೇ ಕೂರಬೇಕು. ಅದಾಗದ ಮಾತು. ಅರ್ಧ ಶತಮಾನ ಕಾಲ ಸಿನಿಮಾ-ಕಾವಲು ಲೆನ್ಸುಗಳದು ಒಂದು ಜಾತಿ, ಕನ್ನಡಿ ಕ್ಯಾಮೆರಾದ ಲೆನ್ಸುಗಳದು ಇನ್ನೊಂದು ಜಾತಿ ಎಂದು ಉಳಿದದ್ದು ಈ ಕಾರಣಕ್ಕೆ.

ಗೋಡೆ ಕೆಡವಿದ್ದು 2008. ಆ ವರ್ಷ ಒಲಿಂಪಸ್ ಮತ್ತು ಪ್ಯಾನಸಾನಿಕ್ ಕಂಪನಿಗಳು ‘ಮೈಕ್ರೋ ಫೋರ್ ಥರ್ಡ್ಸ್’ ಎಂಬ ಹೊಸ ವ್ಯವಸ್ಥೆ ಪ್ರಕಟಿಸಿದವು. ಪ್ಯಾನಸಾನಿಕ್‌ನ ಲುಮಿಕ್ಸ್ ಜಿ 1 ಅದರ ಮೊದಲ ಕ್ಯಾಮೆರಾ. ಕನ್ನಡಿಯನ್ನೇ ತೆಗೆದುಹಾಕಿ, ಸೆನ್ಸರ್ ಕಂಡದ್ದನ್ನು ಪುಟ್ಟ ಪರದೆಯಲ್ಲಿ ತೋರಿಸುವ ಏರ್ಪಾಡು. ಕನ್ನಡಿ ಹೋದ ಮೇಲೆ ಜಾಗವೇಕೆ? ಬುಡದ ಅಂತರ 19.25 ಮಿ.ಮೀ.ಗೆ ಇಳಿಯಿತು. 2010ರಲ್ಲಿ ಬಂದ ಸೋನಿಯ ಇ ಮೌಂಟ್‌ನಲ್ಲಿ 18, 2018ರಲ್ಲಿ ಬಂದ ನಿಕಾನ್ ಜೆಡ್‌ನಲ್ಲಿ 16.

ಕಂಪನಿಗಳು ಇದನ್ನು ಮಾಡಿದ್ದು ಕ್ಯಾಮೆರಾ ಚಿಕ್ಕದಾಗಲಿ ಎಂದು. ಆದರೆ ಅದರ ಜೊತೆಗೇ ಹಳೆಯ ಗಾಜಿಗೆಲ್ಲ ಬಾಗಿಲು ತೆರೆಯಿತು. ಎಂ 42 ಲೆನ್ಸಿಗೆ 45.46 ಬೇಕು, ಕ್ಯಾಮೆರಾದಲ್ಲಿ 19.25 ಇದೆ, ನಡುವೆ 26.21 ಮಿ.ಮೀ. ಉದ್ದದ ಒಂದು ಖಾಲಿ ಕೊಳವೆ ಇಟ್ಟರೆ ಲೆಕ್ಕ ಸರಿಹೋಯಿತು. ‘ಅಡಾಪ್ಟರ್’ ಎಂದರೆ ಇದೇ. ಒಳಗೆ ಗಾಜಿಲ್ಲ, ತಂತಿಯಿಲ್ಲ. ಬರೀ ಲೋಹದ ಬಳೆ. ಸಿ ಮೌಂಟ್‌ನದು ಸ್ವಲ್ಪ ಬೇರೆ: ಅದಕ್ಕೆ 17.5 ಸಾಕು, ಆದ್ದರಿಂದ ಲೆನ್ಸು ಒಂದೂಮುಕ್ಕಾಲು ಮಿ.ಮೀ.ನಷ್ಟು ಒಳಗಿಳಿಯಬೇಕು. ಅಡಾಪ್ಟರಿನ ನಡುಭಾಗವನ್ನು ತಗ್ಗಾಗಿ ಮಾಡಿ ಇದನ್ನು ಸಾಧಿಸಿದ್ದಾರೆ. ಲೆನ್ಸಿನ ಹಿಂಭಾಗ ತೀರಾ ದಪ್ಪವಿದ್ದರೆ ಮಾತ್ರ ತಗ್ಗಿನಲ್ಲಿ ಕೂರುವುದಿಲ್ಲ. ಅಂಥವನ್ನು ಅರದಿಂದ ಉಜ್ಜಿ ಕೂರಿಸಿದವರೂ ಇದ್ದಾರೆ.

ಇನ್ನೊಬ್ಬರ ಗಾಜನ್ನು ತಂದು ನಮ್ಮ ಕ್ಯಾಮೆರಾಕ್ಕೆ ಹಾಕುವುದು ಬಡವರ ಕಿತಾಪತಿ ಎಂದು ಯಾರಾದರೂ ಮೂಗು ಮುರಿದರೆ ಅವರಿಗೆ ‘ಬ್ಯಾರಿ ಲಿಂಡನ್’ ತೋರಿಸಿ. 1975ರ ಈ ಚಿತ್ರದಲ್ಲಿ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಬರೀ ಮೇಣದಬತ್ತಿಯ ಬೆಳಕಿನಲ್ಲಿ ದೃಶ್ಯಗಳನ್ನು ತೆಗೆದರು. ಅದಕ್ಕೆ ಬಳಸಿದ್ದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಗಾಗಿ ಜೈಸ್ ಕಂಪನಿ ತಯಾರಿಸಿದ್ದ 50 ಮಿ.ಮೀ., ಎಫ್ 0.7 ಲೆನ್ಸ್. ಅದು ಸಿನಿಮಾದ್ದೇ ಅಲ್ಲ. ಅದನ್ನು ಕೂರಿಸಲು ಎಡ್ ಡಿ ಜೂಲಿಯೊ ಎಂಬ ತಂತ್ರಜ್ಞರು ಮಿಚೆಲ್ ಕ್ಯಾಮೆರಾದ ಒಡಲನ್ನೇ ಕೊರೆಯಬೇಕಾಯಿತು. ಆ ಚಿತ್ರದ ಛಾಯಾಗ್ರಹಣಕ್ಕೆ ಜಾನ್ ಆಲ್ಕಾಟ್ ಆಸ್ಕರ್ ಪಡೆದರು. ಅಂದು ಕಾರ್ಯಾಗಾರವೊಂದು ಬೆವರು ಸುರಿಸಿ ಮಾಡಿದ ಜೋಡಣೆಯಂಥದನ್ನು ಇಂದು ಕೆಲವು ನೂರು ರೂಪಾಯಿಯ ಬಳೆ ಮಾಡಿಕೊಡುತ್ತದೆ.

ಇಷ್ಟೆಲ್ಲ ಆದ ಮೇಲೆ ಸಿಗುವ ಚಿತ್ರ ಹೇಗಿರುತ್ತದೆ? ಇದು ಮುಖ್ಯ ಪ್ರಶ್ನೆ. ಕತ್ತಲೆಯ ಕೋಣೆಯಲ್ಲಿ ಗೋಡೆಗೆ ಟಾರ್ಚ್ ಬಿಡುವುದನ್ನು ಊಹಿಸಿಕೊಳ್ಳಿ. ದುಂಡನೆಯ ಬೆಳಕು ಬೀಳುತ್ತದೆ. ನಡುವೆ ಪ್ರಖರ, ಅಂಚಿಗೆ ಹೋದಂತೆ ಮಂಕು, ಆಮೇಲೆ ಕತ್ತಲು. ಲೆನ್ಸ್ ಕೂಡ ಹೀಗೆ ದುಂಡನೆಯ ಬಿಂಬವನ್ನೇ ಬೀಳಿಸುತ್ತದೆ. ತಯಾರಕರು ಅದರ ನಡುವಿನ ಚೆನ್ನಾದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಇದು ಇಂಥ ಅಳತೆಯ ಚಿತ್ರಕ್ಕೆ ಎಂದು ಹೇಳಿರುತ್ತಾರೆ. ಕಾವಲು ಕ್ಯಾಮೆರಾದ 2/3 ಇಂಚಿನ ಲೆನ್ಸಿಗೆ ಆ ಅಳತೆ 11 ಮಿ.ಮೀ. ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನ ಕರ್ಣ 21.6 ಮಿ.ಮೀ. ಅಂದರೆ ನಾವು ಅದರಿಂದ ಭರವಸೆಗಿಂತ ದುಪ್ಪಟ್ಟು ಕೇಳುತ್ತಿದ್ದೇವೆ. ತಯಾರಕರು ಮರೆಯಲ್ಲಿಟ್ಟಿದ್ದ ಅಂಚು ಆಗ ಹೊರಗೆ ಬರುತ್ತದೆ. ಮೂಲೆಗಳು ಕಪ್ಪಾಗುತ್ತವೆ. ನಡುವಿನ ಮುಖ ಸ್ಪಷ್ಟ, ಸುತ್ತಲಿನ ಮರ-ಗಿಡ ಸುಳಿಯಂತೆ ತಿರುಗಿದ ಹಾಗೆ ಕಾಣುತ್ತದೆ.

ಜನ ‘ಹಳೆಯ ಲೆನ್ಸಿನ ಮೋಡಿ’ ಎನ್ನುವುದು ಹೆಚ್ಚಾಗಿ ಇದನ್ನೇ. ಮೋಡಿ ಇರುವುದು ಅಂಚಿನಲ್ಲಿ, ಅದೂ ದೋಷದಲ್ಲಿ. ಸೋವಿಯತ್ ಒಕ್ಕೂಟದ ಹೀಲಿಯೋಸ್ 44 ಲೆನ್ಸನ್ನೇ ತೆಗೆದುಕೊಳ್ಳಿ. ಜರ್ಮನಿಯ ಜೈಸ್ ಬಯೋಟಾರ್ ಎಂಬ 58 ಮಿ.ಮೀ., ಎಫ್ 2 ಲೆನ್ಸಿನ ವಿನ್ಯಾಸವನ್ನು ಅನುಸರಿಸಿ ಮಾಡಿದ್ದು; ಜೆನಿಟ್ ಕ್ಯಾಮೆರಾಗಳ ಜೊತೆ ರಾಶಿ ರಾಶಿಯಾಗಿ ಬಂದದ್ದು. ಅದರ ಹಿನ್ನೆಲೆಯ ಸುಳಿ ಎಷ್ಟು ಹೆಸರಾಯಿತೆಂದರೆ 2022ರ ‘ದಿ ಬ್ಯಾಟ್‌ಮನ್’ ಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ಇದನ್ನು ಬಳಸಿದರು. ಆದರೆ ಒಂದು ಎಚ್ಚರಿಕೆ. ಈ ಲೆನ್ಸ್ ಮಾಡಿದ್ದು 36 x 24 ಮಿ.ಮೀ. ಫಿಲಂಗೆ. ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ ಹಾಕಿದರೆ ನಡುಭಾಗ ಮಾತ್ರ ದಾಖಲಾಗುತ್ತದೆ; ಸುಳಿ ಇರುವ ಅಂಚು ಹೊರಗೇ ಉಳಿಯುತ್ತದೆ. ಬ್ಯಾಟ್‌ಮನ್ ನೋಡಿ ಕೊಂಡವರು ಸುಳಿ ಎಲ್ಲಿ ಎಂದು ಹುಡುಕಬೇಕಾಗುತ್ತದೆ.

ಅಗ್ಗದ ಲೆನ್ಸಿನ ಬಗ್ಗೆ ಹೊಗಳಿಕೆಯನ್ನಷ್ಟೇ ಹೇಳಿದರೆ ನಾನು ವರದಿಗಾರನಲ್ಲ, ಮಾರಾಟಗಾರ. ನನ್ನ ಮೊದಲ ಖರೀದಿಯ ಕಥೆ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಾವಲು ಕ್ಯಾಮೆರಾ ಸಾಮಾನು ಮಾರುವ ಅಂಗಡಿಗಳಿವೆ. ಅಲ್ಲಿ ಸುತ್ತಾಡಿ, ನೋಡಲು ಚೆಂದವಿದ್ದ ಒಂದು ಝೂಮ್ ಲೆನ್ಸ್ ತಂದೆ. ಅಡಾಪ್ಟರಿಗೆ ತಿರುಪು ಸಲೀಸಾಗಿ ಕೂತಿತು. ಕ್ಯಾಮೆರಾ ಚಾಲೂ ಮಾಡಿದರೆ ಕಪ್ಪು ಪರದೆಯ ನಡುವೆ ಒಂದು ರೂಪಾಯಿ ನಾಣ್ಯದಷ್ಟು ದುಂಡು ಮಂಜು! ಏನು ತಿರುಗಿಸಿದರೂ ಸ್ಪಷ್ಟವಾಗಲಿಲ್ಲ. ಆಮೇಲೆ ತಿಳಿಯಿತು, ಅದು ‘ಸಿ’ ಅಲ್ಲ, ‘ಸಿಎಸ್’ ಮೌಂಟ್. ಕ್ಯಾಮೆರಾಗಳು ಚಿಕ್ಕದಾದ ಮೇಲೆ ಬಂದ ಜೋಡಣೆ. ತಿರುಪು ಅದೇ, ಬುಡದ ಅಂತರ ಮಾತ್ರ ಸುಮಾರು 12.5 ಮಿ.ಮೀ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಅಷ್ಟು ಹತ್ತಿರ ಹೋಗಲು ಜಾಗವೇ ಇಲ್ಲ. ಸಾಲದ್ದಕ್ಕೆ ಅದು 1/3 ಇಂಚಿನ ಲೆನ್ಸು, 6 ಮಿ.ಮೀ. ಚಿತ್ರಕ್ಕೆ ಮಾಡಿದ್ದು. ತಪ್ಪು ಅಂಗಡಿಯವರದಲ್ಲ, ಕೇಳದೆ ಕೊಂಡ ನನ್ನದು.

ಎರಡನೆಯ ಸಲ ಅಳತೆ ನೋಡಿ 35 ಮಿ.ಮೀ., ಎಫ್ 1.7ರ ಸಿ ಮೌಂಟ್ ಲೆನ್ಸ್ ಕೊಂಡೆ. ಅಡಾಪ್ಟರ್ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯಿತು. ಸಣ್ಣ ಸೆನ್ಸರಿನ ಮೇಲೆ ಅದು ದೊಡ್ಡ ಫಿಲಂನ 70 ಮಿ.ಮೀ. ಲೆನ್ಸಿನಷ್ಟು ಹತ್ತಿರದ ನೋಟ ಕೊಡುತ್ತದೆ, ಮುಖಗಳಿಗೆ ಹೇಳಿಮಾಡಿಸಿದಂತಿದೆ. ಇಕ್ಕಟ್ಟಾದ ಕೋಣೆಯಲ್ಲಿ ನಾಲ್ಕು ಜನರನ್ನು ತೋರಿಸಬೇಕೆಂದರೆ ಆಗದು. ಅಗಲ ನೋಟದ ಅಗ್ಗದ ಕಾವಲು ಲೆನ್ಸುಗಳು ಸಾಮಾನ್ಯವಾಗಿ ಇಷ್ಟು ದೊಡ್ಡ ಸೆನ್ಸರನ್ನು ತುಂಬುವುದಿಲ್ಲ. ಇದು ಈ ದಾರಿಯ ದೊಡ್ಡ ಕೊರತೆ. ಸ್ಪಷ್ಟತೆಯ ಬಗೆಗೂ ಭ್ರಮೆ ಬೇಡ. ಇಂಥ ಅನೇಕ ಲೆನ್ಸುಗಳನ್ನು ಮಾಡಿದ್ದು 576 ಗೆರೆಗಳ ಹಳೆಯ ಟಿ.ವಿ. ಚಿತ್ರಕ್ಕೆ, ಇಂದಿನ 4ಕೆ ವೀಡಿಯೋದಲ್ಲಿ 2160 ಗೆರೆಗಳಿವೆ. ಅಪರ್ಚರನ್ನು ಪೂರ್ತಿ ತೆರೆದಾಗ ಚಿತ್ರ ಮೃದುವಾಗುತ್ತದೆ. ಎಫ್ 4ಕ್ಕೆ ಕಿರಿದು ಮಾಡಿದರೆ ಚೆನ್ನಾಗುತ್ತದೆ.

ಬಳಸುವವರಿಗೆ ಕೆಲವು ಮಾತು. ಕ್ಯಾಮೆರಾಕ್ಕೆ ಈ ಲೆನ್ಸಿನ ಗುರುತೇ ಸಿಗುವುದಿಲ್ಲ. ‘ಲೆನ್ಸ್ ಇಲ್ಲದೆ ಚಿತ್ರೀಕರಿಸು’ ಎಂಬ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಬೇಕು. ಫೋಕಸ್, ಅಪರ್ಚರ್ ಎಲ್ಲ ಕೈಯಲ್ಲೇ. ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ‘ಪೀಕಿಂಗ್’ ಸೌಲಭ್ಯ ಇದ್ದರೆ ಬಳಸಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಸೆಕೆಂಡಿಗೆ 25 ಚೌಕಟ್ಟು, ಷಟರ್ 1/50 ಇಟ್ಟರೆ ಟ್ಯೂಬ್‌ಲೈಟು ಮಿಣುಕುವುದಿಲ್ಲ. ಹಾಗಿಟ್ಟು ಮಧ್ಯಾಹ್ನದ ಬಿಸಿಲಿಗೆ ಹೋದರೆ ಬೆಳಕು ಹೆಚ್ಚಾಗುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಒಂದನ್ನು ಜೊತೆಗಿಟ್ಟುಕೊಳ್ಳಿ. ಹೊಸ ಲೆನ್ಸ್ ಹಾಕುವಾಗ ಹಿಂಭಾಗ ಸೆನ್ಸರಿಗೆ ತಾಗದಂತೆ ನೋಡಿ, ಬಿಗಿಯಾದರೆ ಒತ್ತಬೇಡಿ. ಹಳೆಯ ಲೆನ್ಸ್ ಕೊಳ್ಳುವಾಗ ಫೋನಿನ ಟಾರ್ಚನ್ನು ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ತೇವದಲ್ಲಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಲೆನ್ಸಿಗೆ ಇದು ಬೇಗ ಹಿಡಿಯುತ್ತದೆ. ಒಣ ಜಾಗ ಮತ್ತು ಆಗಾಗ ಬಳಕೆ, ಇವೆರಡೇ ಅದಕ್ಕೆ ಮದ್ದು.

‘ಹಳೆಯದು’ ಎಂದಾಕ್ಷಣ ‘ಅಗ್ಗ’ ಎಂದೂ ತಿಳಿಯಬೇಡಿ. ಬೋಲೆಕ್ಸ್ ಕ್ಯಾಮೆರಾದ ಸ್ವಿಟಾರ್‌ನಂಥ ಒಳ್ಳೆಯ 16 ಎಂ.ಎಂ. ಲೆನ್ಸುಗಳನ್ನು ಒಂದು ಕಾಲಕ್ಕೆ ಕೇಳುವವರಿರಲಿಲ್ಲ. ಮಿರರ್‌ಲೆಸ್ ಬಂದ ಮೇಲೆ, ಅದರಲ್ಲೂ 2013ರಲ್ಲಿ ಸೂಪರ್ 16 ಗಾತ್ರದ ಸೆನ್ಸರ್ ಇದ್ದ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಕ್ಯಾಮೆರಾ ಬಂದ ಮೇಲೆ ಅವುಗಳ ಬೆಲೆ ಏರಿತು. ಹವ್ಯಾಸಿಗಳು ಕಂಡುಕೊಂಡ ಕಾಲುದಾರಿ ಸ್ವಲ್ಪ ದಿನದಲ್ಲಿ ಟೋಲ್ ರಸ್ತೆಯಾಗುತ್ತದೆ. ಮೋಡಿಯ ಹೆಸರಿನಲ್ಲಿ ಹತ್ತಾರು ಸಾವಿರ ಸುರಿಯುವುದಾದರೆ ಹೊಸ ಲೆನ್ಸನ್ನೇ ಕೊಳ್ಳಬಹುದಲ್ಲ.

ನಮ್ಮ ನಾಡಿನಲ್ಲೂ ಇಂಥ ಗಾಜು ಉಂಟು. ಚಿತ್ರಮಂದಿರಗಳು ಫಿಲಂ ಬಿಟ್ಟು ಡಿಜಿಟಲ್ ಪ್ರೊಜೆಕ್ಟರಿಗೆ ಬದಲಾದಾಗ ಸಿನಿಮಾಸ್ಕೋಪ್ ಲೆನ್ಸುಗಳು ಕೆಲಸವಿಲ್ಲದೆ ಉಳಿದವು. ಫಿಲಂನಲ್ಲಿ ಅಡ್ಡಕ್ಕೆ ಅರ್ಧದಷ್ಟು ಹಿಂಡಿದ ಚಿತ್ರವನ್ನು ತೆರೆಯ ಮೇಲೆ ಎರಡರಷ್ಟು ಹರಡುವುದು ಅವುಗಳ ಕೆಲಸ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಕಾಗಜ್ ಕೆ ಫೂಲ್’ (1959) ಚಿತ್ರೀಕರಿಸಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು. ಆ ಪ್ರೊಜೆಕ್ಟರ್ ಗಾಜನ್ನು ತಿರುಗುಮುರುಗಾಗಿ, ಮಾಮೂಲಿ ಲೆನ್ಸಿನ ಮುಂದೆ ಹಿಡಿದರೆ ಅಗಲ ನೋಟವನ್ನು ಹಿಂಡಿಕೊಡುತ್ತದೆ, ಸಂಕಲನದಲ್ಲಿ ಹರಡಿಕೊಳ್ಳಬಹುದು. ಕಷ್ಟದ ಕೆಲಸ ನಿಜ: ಭಾರ ಹೆಚ್ಚು, ಎರಡೂ ಲೆನ್ಸನ್ನು ಬೇರೆ ಬೇರೆಯಾಗಿ ಫೋಕಸ್ ಮಾಡಬೇಕು. ಆದರೆ ಹವ್ಯಾಸಿಗಳು ಮಾಡುತ್ತಿದ್ದಾರೆ. ಯಾವುದಾದರೂ ಊರಿನ ಮುಚ್ಚಿದ ಟಾಕೀಸಿನ ಪ್ರೊಜೆಕ್ಟರ್ ಕೋಣೆಯನ್ನು ಗುಜರಿಯವರಿಗಿಂತ ಮುಂಚೆ ನೀವೊಮ್ಮೆ ನೋಡುವುದು ಒಳಿತು.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಸಾಲ ಮಾಡಬೇಕೇ? ಬೇಡ. ಮೂರು ಸಾವಿರದೊಳಗೆ ನಿಮ್ಮ ಮೊದಲ ಚಿತ್ರದ ಲೆನ್ಸ್ ಸಿಗುತ್ತದೆ. ಅದರ ಕೊರತೆಗಳನ್ನು ಈಗಾಗಲೇ ಹೇಳಿದ್ದೇನೆ. ಅಗಲ ನೋಟ ಬೇಕಾದ ದೃಶ್ಯಕ್ಕೆ ಯಾರದಾದರೂ ಲೆನ್ಸನ್ನು ಒಂದು ದಿನದ ಮಟ್ಟಿಗೆ ಕೇಳಿ ತನ್ನಿ, ಇಲ್ಲವೇ ಆ ದೃಶ್ಯವನ್ನು ಅಂಗಳಕ್ಕೆ ಬದಲಾಯಿಸಿ. ಆದರೆ ಮದುವೆ ಚಿತ್ರೀಕರಣದಂಥ ಸಂಪಾದನೆಯ ಕೆಲಸಕ್ಕೆ ಈ ಲೆನ್ಸ್ ನಂಬಿ ಹೋಗಬೇಡಿ. ಧಾರೆ ಎರೆಯುವ ಹೊತ್ತಿಗೆ ಫೋಕಸ್ ತಪ್ಪಿದರೆ ಯಾರೂ ಇನ್ನೊಮ್ಮೆ ಎರೆಯುವುದಿಲ್ಲ.

ಕೊನೆಯದಾಗಿ, ನಾನು ಕಲಿತ ಒಂದು ಸಂಗತಿ. ವರದಿಗೆ ಹೋದಾಗ ಫೋನಿನಲ್ಲಾದರೆ ದೂರದಿಂದಲೇ, ಮಾತಾಡುತ್ತಲೇ ಜನರನ್ನು ಚಿತ್ರಿಸಿಬಿಡುತ್ತೇನೆ. ಈ ಲೆನ್ಸಿನಲ್ಲಿ ಅದಾಗುವುದಿಲ್ಲ. ಎದುರಿನವರ ಮುಂದೆ ಕೂರಬೇಕು. ದೂರ ಅಂದಾಜು ಮಾಡಿ ಬಳೆ ತಿರುಗಿಸಬೇಕು. ಅವರು ಮುಂದಕ್ಕೆ ವಾಲಿದರೆ ನನ್ನ ಕೈಯೂ ಜೊತೆಗೆ ಚಲಿಸಬೇಕು. ಅಂದರೆ ಅವರನ್ನು ಪೂರ್ತಿ ಗಮನವಿಟ್ಟು ನೋಡಲೇಬೇಕು. ನಾನು ಹಾಗೆ ನೋಡುತ್ತಿದ್ದೇನೆ ಎಂಬುದು ಅವರಿಗೂ ತಿಳಿದಿರುತ್ತದೆ. ಗೋಡೆಯ ಮೇಲೆ ಕುಳಿತು, ಯಾರನ್ನೂ ಕೇಳದೆ ಎಲ್ಲರನ್ನೂ ನೋಡಲೆಂದು ಮಾಡಿದ ಲೆನ್ಸು ಇದು. ನನಗೆ ಮಾತ್ರ ಒಬ್ಬರನ್ನು ಕೇಳಿ, ಎದುರು ಕುಳಿತು ನೋಡುವುದನ್ನು ಕಲಿಸಿತು.

ನಿಮ್ಮ ಕಥೆ ಸಿದ್ಧವಿದೆಯಲ್ಲ, ಮುಂದಿನ ಭಾನುವಾರವೇ ಶುರುಮಾಡಿ.